ಮರ ಕೊಯ್ಯುವ ಮಷೀನಿಗೂ ಒಬ್ಬ ಮೇಷ್ಟ್ರು ಬೇಕು

ಬಿ.ಕಾಂ. ಮುಗಿಸಿ, ಎಫ್‌ಡಿಎ ಪರೀಕ್ಷೆಗೆ ಓದುತ್ತೇನೆಂದು ಊರಿಗೆ ಬಂದು ಕೂತ ವರ್ಷವೇ ನಮ್ಮ ಮನೆಗೆ ಚೈನ್ ಸಾ ಬಂತು. ಸಾಗರದ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಬಚ್ಚಲ ಹಂಡೆಗೆ ಸೌದೆಯೇ ಬೇಕು. ಅಡಿಕೆ ಬೇಯಿಸುವ ಕಾಲ ಬಂತೆಂದರೆ ಒಲೆ ಆರುವ ಹಾಗೇ ಇಲ್ಲ. ಕೊಡಲಿ ಹಿಡಿಯುವ ಆಳು ಸಿಗದೆ ಎರಡು ವರ್ಷ ಒದ್ದಾಡಿದ ಅಪ್ಪ ಮೂರನೇ ವರ್ಷ ಪೇಟೆಗೆ ಹೋಗಿ ಮಷೀನನ್ನೇ ತಂದುಬಿಟ್ಟರು.

ಅಂಗಡಿಯಲ್ಲಿ ಕೊಟ್ಟ ಪಾಠ ಐದು ನಿಮಿಷದ್ದು. ಪೆಟ್ರೋಲಿಗೆ ಈ ಎಣ್ಣೆ ಬೆರೆಸಿ ಹಾಕಿ, ಇದು ಚೈನಿನ ಎಣ್ಣೆ, ಹಗ್ಗ ಎಳೆದರೆ ಸ್ಟಾರ್ಟ್, ಆಯಿತು. ಅಮ್ಮನ ಮಿಕ್ಸಿ ತಂದ ದಿನ ಇದಕ್ಕಿಂತ ಹೆಚ್ಚು ಹೊತ್ತು ಹೇಳಿಕೊಟ್ಟಿದ್ದರು! ಜತೆಗೆ ಕೊಟ್ಟ ಪುಸ್ತಕ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬರಲೇ ಇಲ್ಲ. ಯೂಟ್ಯೂಬ್‌ನಲ್ಲಿ ನಾಲ್ಕು ವಿಡಿಯೊ ನೋಡಿದ ನಾನು ಎಲ್ಲವೂ ಗೊತ್ತಾಯಿತು ಅಂದುಕೊಂಡೆ.

ಎರಡನೇ ವಾರ. ಗಾಳಿಗೆ ಬಿದ್ದ ಅಕೇಶಿಯಾ ಮರವನ್ನು ಹಿತ್ತಿಲಲ್ಲಿ ತುಂಡು ಮಾಡುತ್ತಿದ್ದೆ. ಉಟ್ಟಿದ್ದು ಲುಂಗಿ, ಮೆಟ್ಟಿದ್ದು ಹವಾಯಿ ಚಪ್ಪಲಿ. ಒಂದು ದಿಮ್ಮಿ ಕೊಯ್ಯುವಾಗ ಮಷೀನಿನ ಮೂತಿ ಅದರ ಹಿಂದಿದ್ದ ಇನ್ನೊಂದು ದಿಮ್ಮಿಗೆ ತಾಗಿತು. ಮುಂದೆ ಏನಾಯಿತೆಂದು ನನಗೆ ನೋಡಲೂ ಆಗಲಿಲ್ಲ. ಇಡೀ ಬಾರು ಹಾವು ಹೆಡೆ ಎತ್ತಿದ ಹಾಗೆ ನನ್ನ ಮುಖದ ಕಡೆ ಎದ್ದಿತ್ತು. ಎಡಗೈಯ ಮಣಿಕಟ್ಟು ಮುಂದಿನ ತಡೆಗೆ ಬಡಿದು, ಬ್ರೇಕು ಬಿದ್ದು, ಚೈನು ನಿಂತಿತ್ತು. ಹಣೆಗೂ ಅದಕ್ಕೂ ಗೇಣು ಅಂತರ ಇತ್ತೋ ಇಲ್ಲವೋ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ ಒಂದು ಮಾತೂ ಆಡಲಿಲ್ಲ. ಲೋಟ ಕೆಳಗಿಟ್ಟು, ಮಷೀನನ್ನು ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿಟ್ಟು ಬೀಗ ಹಾಕಿದರು.

ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಬಾರಿನ ಮೂತಿಯ ಮೇಲ್ಭಾಗ ಎಲ್ಲಿಗಾದರೂ ತಾಗಿದರೆ ಹಲ್ಲು ಮರವನ್ನು ಕೊಯ್ಯುವ ಬದಲು ಅದನ್ನು ಒದ್ದು ಬಾರನ್ನೇ ಹಿಂದಕ್ಕೆ ಎಸೆಯುತ್ತದೆ. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ನಮ್ಮ ಕೈಗೆ, ಕಣ್ಣಿಗೆ ಅಷ್ಟು ಚುರುಕಿಲ್ಲ. ಆ ಹೊತ್ತಿಗೆ ಉಳಿಸುವುದು ಬ್ರೇಕು ಮತ್ತು ಹಿಡಿಯನ್ನು ಸುತ್ತಿ ಹಿಡಿದ ಎಡಗೈ ಹೆಬ್ಬೆರಳು, ಇವೆರಡೇ. ಈ ಮಾತನ್ನು ಅಂಗಡಿಯಲ್ಲಿ ಹೇಳಲು ಎಷ್ಟು ಹೊತ್ತು ಬೇಕಿತ್ತು?

ನನ್ನ ತಕರಾರು ಇಲ್ಲಿಂದಲೇ ಶುರು. ಬೈಕ್ ಓಡಿಸಲು ಮೊದಲು ಎಲ್‌ಎಲ್, ಆಮೇಲೆ ಎಂಟು ಆಕಾರದ ಟ್ರ್ಯಾಕ್, ಆಮೇಲೆ ಡಿಎಲ್. ಗಾಡಿಗೆ ಇಷ್ಟೆಲ್ಲ ಇರುವಾಗ, ಬಿಚ್ಚು ಹಲ್ಲಿನ ಯಂತ್ರವನ್ನು ದುಡ್ಡು ಕೊಟ್ಟ ಯಾರು ಬೇಕಾದರೂ ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ತರಬಹುದು. ಸ್ವೀಡನ್ನಿನಲ್ಲಿ ಸಂಬಳಕ್ಕೆ ಚೈನ್ ಸಾ ಹಿಡಿಯುವವರು ತರಬೇತಿ ಪಡೆದು ಪರೀಕ್ಷೆ ಪಾಸಾಗಿರಬೇಕು. ಬ್ರಿಟನ್ನಿನಲ್ಲೂ ಮರದ ಕೆಲಸಕ್ಕೆ ಇಳಿಯುವವರಿಗೆ ಪ್ರಮಾಣಪತ್ರ ಕೇಳುತ್ತಾರೆ. ಫಿಲಿಪ್ಪೀನ್ಸ್ ಕಾಡು ಉಳಿಸುವ ಸಲುವಾಗಿ 2002ರಲ್ಲಿ ಚೈನ್ ಸಾಗೆಂದೇ ಕಾನೂನು ಮಾಡಿ, ಪ್ರತಿ ಮಷೀನೂ ನೋಂದಣಿಯಾಗಬೇಕು ಎಂದಿತು.

ನಮಗೂ ಅಂಥದ್ದೇ ಲೈಸೆನ್ಸ್ ಬರಲಿ ಎಂದು ನಾನು ಹೇಳುವುದಿಲ್ಲ. ಇನ್ನೊಂದು ಕಚೇರಿ, ಇನ್ನೊಂದು ಕ್ಯೂ, ಇನ್ನೊಬ್ಬ ಏಜೆಂಟ್ ಹುಟ್ಟಿಕೊಳ್ಳುತ್ತಾರೆ, ಅಷ್ಟೇ. ನಾನು ಕೇಳುತ್ತಿರುವುದು ಪಾಠ. ಕೈ ಹಿಡಿದು ಹೇಳಿಕೊಡುವ ಪಾಠ.

ನನಗೆ ಅದು ಸಿಕ್ಕಿದ್ದು ಪಕ್ಕದೂರಿನ ಒಬ್ಬರಿಂದ. ಅವರನ್ನು ಎಲ್ಲರೂ ಮಷೀನಣ್ಣ ಎಂದೇ ಕರೆಯುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅಮ್ಮನೇ ಹೇಳಿಕಳಿಸಿದ್ದು. ಬಂದವರು ಮಷೀನು ಸ್ಟಾರ್ಟ್ ಮಾಡುತ್ತಾರೆಂದು ಕಾದರೆ, ಬಾರನ್ನು ಒಂದು ಕೊರಡಿಗೆ ಕಚ್ಚಿಸಿ ನಿಲ್ಲಿಸಿ, ನನ್ನ ಕೈಗೆ ದುಂಡು ಅರ ಕೊಟ್ಟರು.

‘ಮೂರು ದಿನ ಇದೇ ಕೆಲಸ ತಮ್ಮಾ. ಹಲ್ಲು ಮಸೆಯೋಕೆ ಬರದವನು ಮರ ಕೊಯ್ಯಬಾರದು.’

ನನಗೆ ಸಿಟ್ಟೇ ಬಂತು. ಡಿಗ್ರಿ ಮಾಡಿದವನಿಗೆ ಅರ ಉಜ್ಜುವ ಕೆಲಸವೇ ಅಂತ. ಆದರೆ ಆ ಮೂರು ದಿನದಲ್ಲಿ ಕಲಿತದ್ದೇ ಈಗಲೂ ಕೈಯಲ್ಲಿ ಉಳಿದಿರುವುದು. ನಮ್ಮ ಚೈನಿಗೆ 4.8 ಮಿ.ಮೀ. ಅರ ಬೇಕು. ಚೈನಿನ ಅಳತೆ ಬದಲಾದರೆ ಅರವೂ ಬದಲು. ಹಲ್ಲಿನ ಮೇಲೆ ಗುರುತು ಹಾಕಿರುತ್ತಾರಲ್ಲ, ಆ 30 ಡಿಗ್ರಿ ಓರೆಯಲ್ಲಿ ಒಳಗಿನಿಂದ ಹೊರಕ್ಕೆ ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಒತ್ತಬಾರದು. ಪ್ರತಿ ಹಲ್ಲಿಗೂ ಒಂದೇ ಲೆಕ್ಕ, ಮೂರು ಅಂದರೆ ಮೂರು, ನಾಲ್ಕು ಅಂದರೆ ನಾಲ್ಕು. ಎಡಗಡೆಯವು ಚೂಪಾಗಿ ಬಲಗಡೆಯವು ಮೊಂಡಾದರೆ ಮಷೀನು ನೇರ ಇಳಿಯುವುದಿಲ್ಲ, ಬಾಳೆಕಾಯಿಯ ಹಾಗೆ ಬಾಗಿ ಹೋಗುತ್ತದೆ. ಹಲ್ಲಿನ ಮುಂದೆ ಇರುವ ಪುಟ್ಟ ಗುಬುಟು ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುತ್ತದೆ. ಹಲ್ಲಿಗಿಂತ ಅದು 0.65 ಮಿ.ಮೀ. ತಗ್ಗಿರಬೇಕು. ಬೇಗ ಕೊಯ್ಯಲಿ ಎಂದು ಅದನ್ನು ಹೆಚ್ಚು ಉಜ್ಜಿದರೆ ಮಷೀನು ಒದೆಯಲು ಶುರು ಮಾಡುತ್ತದೆ.

ಹಲ್ಲು ಸರಿ ಇದೆಯೋ ಇಲ್ಲವೋ ತಿಳಿಯಲು ಕೆಳಗೆ ಬೀಳುವುದನ್ನು ನೋಡಿದರೆ ಸಾಕು. ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೂಪಿದೆ. ಹಿಟ್ಟಿನ ಹಾಗೆ ಉದುರಿದರೆ ನಿಲ್ಲಿಸು, ಮಸೆ. ಮೊಂಡು ಚೈನಿನಲ್ಲಿ ಕೆಲಸ ಮಾಡುವವನು ಭಾರ ಹಾಕಿ ಒತ್ತುತ್ತಾನೆ. ಒತ್ತಿದವನು ಸುಸ್ತಾಗುತ್ತಾನೆ, ಸುಸ್ತಾದವನ ಕಾಲು ಜಾರುತ್ತದೆ. ಹೀಗೆ ನೋಡಿದರೆ ಅಪಘಾತ ಶುರುವಾಗುವುದು ಮರದ ಹತ್ತಿರ ಅಲ್ಲ, ಹಿಂದಿನ ದಿನ ಅರ ಮುಟ್ಟದೆ ಮಲಗಿದ ಜಗಲಿಯಲ್ಲಿ.

ಇಂಧನದ ಪಾಠವೂ ಅಷ್ಟೇ ಮುಖ್ಯ. ಇದು ಟು-ಸ್ಟ್ರೋಕ್ ಎಂಜಿನ್. ಇದಕ್ಕೆ ಎಣ್ಣೆ ತುಂಬುವ ಬೇರೆ ತೊಟ್ಟಿ ಇಲ್ಲ, ಪೆಟ್ರೋಲಿನ ಜತೆ ಹೋಗುವ ಎಣ್ಣೆಯೇ ಪಿಸ್ಟನ್ನಿಗೆ ಜೀವ. ನಮ್ಮದಕ್ಕೆ ಲೀಟರಿಗೆ 20 ಮಿ.ಲೀ., ಅಂದರೆ 50ಕ್ಕೆ 1. ಕೆಲವು ಎಣ್ಣೆಗೆ 40 ಮಿ.ಲೀ. ಬೇಕು. ಡಬ್ಬಿಯ ಮೇಲೆ, ಪುಸ್ತಕದಲ್ಲಿ ಬರೆದದ್ದೇ ವೇದ. ಅವಸರದಲ್ಲಿ ಬರೀ ಪೆಟ್ರೋಲ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಹಿಡಿದುಕೊಳ್ಳುತ್ತದೆ, ರಿಪೇರಿಗೆ ಹೊಸ ಮಷೀನಿನ ಅರ್ಧ ದುಡ್ಡು ಬೇಕಾಗಬಹುದು. ಚೈನಿಗೆ ಟ್ರ್ಯಾಕ್ಟರಿನ ವೇಸ್ಟ್ ಆಯಿಲ್ ಸುರಿಯುವ ಚಾಳಿ ನಮ್ಮ ಕಡೆ ಬಹಳ ಇದೆ. ಅದರಲ್ಲಿರುವ ಕಬ್ಬಿಣದ ಹುಡಿ ಬಾರನ್ನೂ ಪಂಪನ್ನೂ ತಿನ್ನುತ್ತದೆ. ಇನ್ನು ಮಳೆಗಾಲ ಶುರುವಾಗಿ ಮಷೀನು ಮೂಲೆ ಸೇರುವಾಗ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ತಾನಾಗಿ ಆಫ್ ಆಗುವವರೆಗೆ ಓಡಿಸಿ ಇಡಬೇಕು. ಮೊದಲ ವರ್ಷ ನಾವು ಹಾಗೆ ಮಾಡಲಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ತೆಗೆದು ನೋಡಿದರೆ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟಿಕೊಂಡಿತ್ತು.

ಮಷೀನಣ್ಣನಿಗೆ ಇಷ್ಟೆಲ್ಲ ಗೊತ್ತು. ಆದರೆ ಅವರಿಗೂ ಯಾರೂ ಹೇಳಿಕೊಡದ ಪಾಠವೊಂದಿತ್ತು. ಅವರು ಎಂದೂ ಕಿವಿಗೆ ಏನೂ ಹಾಕಿದವರಲ್ಲ. ಚೈನ್ ಸಾ ಸದ್ದು ನೂರು ಡೆಸಿಬೆಲ್ ದಾಟುತ್ತದೆ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ 85 ದಾಟಿದರೆ ಕಿವಿಗೆ ಅಪಾಯ ಎನ್ನುತ್ತಾರೆ. ಈಗ ಅವರಿಗೆ ಎರಡು ಸಲ ಕೂಗಿದರೇ ಕೇಳುವುದು. ಬೆಳಿಗ್ಗೆ ಚಳಿಯಲ್ಲಿ ಬೆರಳ ತುದಿ ಬಿಳುಚಿಕೊಂಡು ಜೋಮು ಹಿಡಿಯುತ್ತದೆ. ವರ್ಷಗಟ್ಟಲೆ ನಡುಗುವ ಯಂತ್ರ ಹಿಡಿದವರಿಗೆ ಹೀಗಾಗುತ್ತದೆಂದು ನಾನು ಓದಿದ್ದನ್ನು ಹೇಳಿದಾಗ ಅವರು ನಕ್ಕರು. ‘ವಯಸ್ಸಾಯ್ತು ಬಿಡು’ ಅಂದರು. ಅವರಿಗಿನ್ನೂ ಐವತ್ತಾಗಿಲ್ಲ.

ಇದನ್ನು ಓದುವ ನನ್ನ ಓರಗೆಯವರು ಕೇಳಬಹುದು, ನಮಗೇಕೆ ಇದೆಲ್ಲ, ನಾವು ಸೌದೆ ಕೊಯ್ಯಲು ಓದಿದ್ದೇವಾ ಅಂತ. ಹಾಸ್ಟೆಲ್ ಗ್ರೂಪಿನಲ್ಲಿ ನನ್ನ ಫೋಟೊ ಹಾಕಿದಾಗ ಬಂದ ಮೊದಲ ಕಾಮೆಂಟೇ ‘ಏನೋ ವೀರಪ್ಪನ್ ಆಗ್ಬಿಟ್ಟೆ’ ಅಂತ. ತಮಾಷೆ ಇರಲಿ. ನಮ್ಮ ಊರುಗಳಲ್ಲಿ ಮಷೀನು ತಂದವನಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು, ಕೊಡಲಿ ಹಿಡಿದವನಿಗೆ ದಿನದ ಲೆಕ್ಕ. ಜನವರಿಯಿಂದ ಮೇವರೆಗೆ ಮಷೀನಣ್ಣನಿಗೆ ಬಿಡುವೇ ಇರುವುದಿಲ್ಲ. ಮಳೆ ಹಿಡಿಯುವ ಮೊದಲು ಎಲ್ಲರ ಮನೆಯಲ್ಲೂ ಸೌದೆ ಕೊಯ್ದು, ಸೀಳಿ, ಕೊಟ್ಟಿಗೆ ಸೇರಬೇಕಲ್ಲ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಸೀಳಿ, ಅಡಿಗೆ ಎರಡು ಗಳ ಕೊಟ್ಟು, ಗಾಳಿ ಆಡುವ ಹಾಗೆ ಒಟ್ಟಿದರೆ ಮಾತ್ರ ಒಣಗುತ್ತದೆ. ಇಲ್ಲದಿದ್ದರೆ ಜುಲೈನಲ್ಲಿ ಅಮ್ಮಂದಿರು ಊದುಗೊಳವೆ ಹಿಡಿದು ಕಣ್ಣೀರು ಸುರಿಸಬೇಕು. ಕೆಲಸ ಇದೆ, ದುಡ್ಡೂ ಇದೆ. ಆದರೂ ಅವರ ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಗಾರ್ಡ್. ‘ಮಷೀನಿನ ಕೆಲಸದವನಿಗೆ ಹೆಣ್ಣು ಕೊಡೋದಿಲ್ಲ’ ಅಂತ ಅವನೇ ಹೇಳಿದ್ದು.

ಕೆಲಸ ಕಲಿಸುವ ಜಾಗ, ಕಲಿತವನ ಕೈಯಲ್ಲಿ ಒಂದು ಕಾಗದ, ಮೈಮೇಲೆ ಸರಿಯಾದ ಉಡುಪು ಇದ್ದಿದ್ದರೆ ಅವನು ಹಾಗೆ ಹೇಳುತ್ತಿರಲಿಲ್ಲ ಎಂದು ನನಗನಿಸುತ್ತದೆ. ಎಲೆಕ್ಟ್ರಿಷಿಯನ್‌ಗೆ ಐಟಿಐ ಇದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್‌ನ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ, ಮೊಬೈಲ್ ರಿಪೇರಿ, ಹೊಲಿಗೆ ಕಲಿಸುತ್ತಾರೆ. ಶಿರಸಿಯಲ್ಲಿ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಇವರಲ್ಲಿ ಯಾರಾದರೂ ಬೇಸಿಗೆಗೆ ಮುಂಚೆ ಆರು ದಿನದ ಒಂದು ಶಿಬಿರ ನಡೆಸಲಿ. ಎರಡು ದಿನ ಅರ, ಒಂದು ದಿನ ಎಂಜಿನ್, ಎರಡು ದಿನ ಬಿದ್ದ ಮರ, ಕೊನೆಯ ದಿನ ನಿಂತ ಮರ. ಕಲಿಸಲು ಮಷೀನಣ್ಣನಂಥವರನ್ನೇ ಕರೆಯಲಿ, ಗೌರವಧನ ಕೊಡಲಿ. ಮಾರುವ ಅಂಗಡಿಯವರು ಮಷೀನಿನ ಜತೆ ಕನ್ನಡದ ಕೈಪಿಡಿ, ಹೆಲ್ಮೆಟ್ಟು, ಕಿವಿಮುಚ್ಚುಗ ಸೇರಿಸಿಯೇ ಬೆಲೆ ಹೇಳಲಿ. ಚೈನು ತಾಗಿದ ಕೂಡಲೇ ಒಳಗಿನ ಎಳೆಗಳು ಹೊರಬಂದು ಸಿಕ್ಕಿಕೊಂಡು ಚೈನನ್ನು ನಿಲ್ಲಿಸುವ ಪ್ಯಾಂಟುಗಳೇ ಇವೆ. ಸೆಕೆಯಲ್ಲಿ ಹಾಕುವುದು ಕಷ್ಟ, ನಿಜ. ಕಾಲು ಕಳೆದುಕೊಳ್ಳುವುದಕ್ಕಿಂತ ಕಷ್ಟವೇ?

ಇಷ್ಟಕ್ಕೆ ಇನ್ನೊಂದು ಆಕ್ಷೇಪ ಬರುತ್ತದೆ, ಅದು ಸುಳ್ಳೂ ಅಲ್ಲ. ಮಷೀನು ಕಲಿಸಿದರೆ ಕಾಡು ಬೋಳಾಗುವುದಿಲ್ಲವೇ? ದಿನವಿಡೀ ಕೊಡಲಿಗೆ ಕೆಲಸ ಕೊಡುತ್ತಿದ್ದ ಮರ ಈಗ ಹತ್ತು ನಿಮಿಷದಲ್ಲಿ ಮಲಗುತ್ತದೆ. ಆದರೆ ಮಷೀನು ಆಗಲೇ ಊರೂರಿಗೆ ಬಂದಾಗಿದೆ, ಪಾಠವೊಂದೇ ಬಂದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಗಾಳಿ, ಸಿಲ್ವರ್ ಓಕ್, ರಬ್ಬರ್, ತೆಂಗಿನಂಥ ಕೆಲವಕ್ಕಷ್ಟೇ ವಿನಾಯಿತಿ. ಮಷೀನು ಕೊಂಡ ಎಷ್ಟು ಜನರಿಗೆ ಇದು ಗೊತ್ತು? ನನಗಂತೂ ಗೊತ್ತಿರಲಿಲ್ಲ. ಶಿಬಿರದ ಮೊದಲ ಗಂಟೆ ಈ ಕಾಯ್ದೆಗೇ ಇರಲಿ. ಯಾವುದನ್ನು ಕಡಿಯಬಾರದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ನಾನು ಎಫ್‌ಡಿಎ ಬಿಟ್ಟಿಲ್ಲ. ರಾತ್ರಿ ಓದುತ್ತೇನೆ, ಹಗಲು ತೋಟ. ನಿಂತ ಮರವನ್ನು ಒಬ್ಬನೇ ಇನ್ನೂ ಮುಟ್ಟುವುದಿಲ್ಲ. ಬೀಳುವ ಕಡೆ ಬಾಯಿ ಕೊಯ್ದು, ಹಿಂದಿನಿಂದ ಬರುವಾಗ ಹತ್ತನೇ ಒಂದು ಭಾಗ ತಿರುಗಣೆಯಂತೆ ಬಿಟ್ಟು, ಓರೆಯಾಗಿ ಹಿಂದೆ ಸರಿಯುವ ದಾರಿ ಮೊದಲೇ ಸವರಿ ಇಟ್ಟುಕೊಳ್ಳಬೇಕು. ಲೆಕ್ಕ ಬಾಯಿಪಾಠ ಬಂದರೂ ಕೈಗೆ ಇನ್ನೂ ಧೈರ್ಯ ಬಂದಿಲ್ಲ. ಮಷೀನಣ್ಣ ಪಕ್ಕದಲ್ಲಿದ್ದರೆ ಮಾತ್ರ. ಉಗ್ರಾಣದ ಬೀಗದ ಕೈ ಈಗಲೂ ಅಮ್ಮನ ಹತ್ತಿರವೇ ಇದೆ. ಬೂಟು ಹಾಕಿದ್ದು ನೋಡಿದ ಮೇಲೆಯೇ ಕೊಡುವುದು.

ಹೋದ ವಾರ ಆಚೆಮನೆಯ ಪಿಯುಸಿ ಹುಡುಗ ಬಂದಿದ್ದ. ‘ಅಣ್ಣಾ, ಒಂದು ಗಂಟೆ ಮಷೀನು ಕೊಡ್ತೀಯಾ, ಹಲಸಿನ ಟೊಂಗೆ ಬಿದ್ದಿದೆ’ ಅಂದ. ಚಪ್ಪಲಿಯಲ್ಲೇ ಇದ್ದ. ಬಾರನ್ನು ಕೊರಡಿಗೆ ಕಚ್ಚಿಸಿ ಕೈಗೆ ಅರ ಕೊಟ್ಟೆ. ಮುಖ ಸಣ್ಣದು ಮಾಡಿಕೊಂಡು ಕೂತ. ಮೂರು ಹಲ್ಲು ಮಸೆದು, ‘ಇನ್ನೂ ಎಷ್ಟಣ್ಣಾ?’ ಅಂತ ಕೇಳಿದ.

ಒಟ್ಟು 36. ಇನ್ನೂ 33 ಇದ್ದವು.