ರೆಫರಿ ಇಲ್ಲದ ಆಟದಲ್ಲಿ ಯಾರ ದನಿ ನಡೆಯುತ್ತೆ?



"ಅಕ್ಕಾ, ಸ್ಮಶಾನದ ಜಾಗಕ್ಕೆ ಇನ್ನೂ ಅರ್ಜಿ ಹಿಡ್ಕೊಂಡು ಓಡಾಡ್ತಾ ಇದೀವಿ. ನೀವು ನೋಡಿದ್ರೆ ಭಾನುವಾರ ಬೆಳಗ್ಗೆ ಪ್ಲಾಸ್ಟಿಕ್ ತಟ್ಟೆ ಎಸೆಯೋಕೆ ಹೋಗ್ತೀರಿ" ಅಂದ ನಮ್ಮ ಸಂಘಟನೆಯ ತಮ್ಮನೊಬ್ಬ. ನಗ್ತಾನೇ ಅಂದ, ಆದ್ರೂ ಚುಚ್ಚಿತು. ಅವತ್ತು ಉತ್ತರ ಕೊಡೋಕಾಗಲಿಲ್ಲ. ಇವತ್ತು ಕೊಡ್ತೀನಿ. ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಹೋದ ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ನಮ್ಮ ಕಾಲೊನಿ ಪಕ್ಕದ ಶಾಲೆ ಮೈದಾನದಲ್ಲಿ ಹುಡುಗಿಯರು ಹುಡುಗರು ಕೂಡಿ ಆಡೋ ಅಲ್ಟಿಮೇಟ್ ಫ್ರಿಸ್ಬಿ ಲೀಗ್ ಮಾಡಿದ್ವಿ. ಏಪ್ರಿಲ್ 14ರ ಜಯಂತಿ ಕೆಲಸ ಮುಗಿದ ಮೇಲಿನ ಭಾನುವಾರ ಶುರು. ನಾಲ್ಕು ತಂಡ. ತಂಡಕ್ಕೆ ಐದು ಹುಡುಗಿಯರು, ಐದು ಹುಡುಗರು. ಪ್ರತಿ ತಂಡ ಉಳಿದ ಮೂರರ ಜೊತೆ ಎರಡೆರಡು ಸಲ ಆಡಿದ್ರೆ ಆರು ಭಾನುವಾರಕ್ಕೆ ಮುಗೀತು. ಬಿಸಿಲೇರೋ ಮೊದಲು, ಆರೂವರೆಗೆ ಶುರು, ಒಂಬತ್ತಕ್ಕೆ ಮನೆಗೆ. ಕಪ್ ಇಲ್ಲ, ದುಡ್ಡಿಲ್ಲ. ಕಾಲೊನಿ ಮಕ್ಕಳು, ಹತ್ತಿರದ ಅಪಾರ್ಟ್‌ಮೆಂಟಿನ ಕಾಲೇಜು ಹುಡುಗ ಹುಡುಗಿಯರು, ಗಾರ್ಮೆಂಟ್ಸ್‌ಗೆ ಹೋಗೋ ಇಬ್ಬರು ಹೆಣ್ಣುಮಕ್ಕಳು. ಇಷ್ಟೇ ನಮ್ಮ ಲೀಗು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೈಸ್ಕೂಲ್ ಹುಡುಗರು ಕಟ್ಟಿದ ಆಟ ಇದು. 175 ಗ್ರಾಂ ತೂಕದ ಡಿಸ್ಕ್. ಕೈಗೆ ಸಿಕ್ಕ ಮೇಲೆ ಹಿಡ್ಕೊಂಡು ಓಡೋ ಹಾಗಿಲ್ಲ, ಹತ್ತು ಸೆಕೆಂಡಿನೊಳಗೆ ಇನ್ನೊಬ್ಬರಿಗೆ ಎಸೆಯಬೇಕು. ನೆಲಕ್ಕೆ ಬಿದ್ರೆ ಎದುರು ತಂಡದ್ದು. ಮೈದಾನದ ಕೊನೆಯ ಪಟ್ಟಿಯಲ್ಲಿ ನಿಮ್ಮವರು ಹಿಡಿದ್ರೆ ಒಂದು ಪಾಯಿಂಟ್. ಪೂರ್ತಿ ಆಟಕ್ಕೆ 100 ಮೀಟರ್ ಮೈದಾನ, ಕಡೆಗೆ ಏಳು ಜನ ಬೇಕು. ಶಾಲೆ ಮೈದಾನ ಸಾಲದ್ದರಿಂದ ನಾವು ಐವರ ಆಟ ಆಡಿದ್ವಿ. ಒಂದು ಪಾಯಿಂಟಿಗೆ ಮೂವರು ಹುಡುಗಿಯರು ಇಬ್ಬರು ಹುಡುಗರು, ಮುಂದಿನದಕ್ಕೆ ಅದಲುಬದಲು.

ಇದರಲ್ಲಿ ನನಗೆ ಹಿಡಿಸಿದ್ದೇ ಒಂದು ವಿಷಯ. ರೆಫರಿ ಇಲ್ಲ. ಡಿಕ್ಕಿ ಹೊಡೆದ್ರೆ, ಹೊಡೆಸಿಕೊಂಡವರೇ "ಫೌಲ್" ಅನ್ನಬೇಕು. ಎದುರಿನವರು ಒಪ್ಪಿದ್ರೆ ಡಿಸ್ಕ್ ಇವರಿಗೆ. ಒಪ್ಪದಿದ್ರೆ ಎಸೆದವರ ಕೈಗೆ ವಾಪಸ್, ಮತ್ತೆ ಆಡೋದು. ಪಂದ್ಯ ಮುಗಿದ ಮೇಲೆ ಎರಡೂ ತಂಡ ಸುತ್ತ ಕೂತು, ಎದುರಿನವರು ಎಷ್ಟು ನ್ಯಾಯವಾಗಿ ಆಡಿದ್ರು ಅಂತ ಅಂಕ ಕೊಡ್ತಾರೆ. ಆಹಾ, ಮೇಲೊಬ್ಬ ಯಜಮಾನ ಇಲ್ಲದ ಆಟ, ನಮಗೆ ಹೇಳಿ ಮಾಡಿಸಿದ್ದು ಅಂದ್ಕೊಂಡೆ.

ಎರಡನೇ ಭಾನುವಾರ ನನ್ನ ಭ್ರಮೆ ಇಳೀತು.

ಗಾರ್ಮೆಂಟ್ಸ್ ಹುಡುಗಿ ಡಿಸ್ಕ್ ಹಿಡಿಯೋಕೆ ಹಾರಿದ್ಲು. ಕಾಲೇಜು ಹುಡುಗನೊಬ್ಬ ಓಡಿಬಂದು ಭುಜಕ್ಕೆ ಗುದ್ದಿದ. ಅವಳು ಬಿದ್ಲು, ಡಿಸ್ಕೂ ಬಿತ್ತು. ಆ ಹುಡುಗ ಇಂಗ್ಲಿಷ್‌ನಲ್ಲಿ ಪಟಪಟ ಅಂತ ಏನೋ ಹೇಳಿದ. ಅವಳು ಮಣ್ಣು ಕೊಡವಿಕೊಂಡು ಎದ್ದು ಹಿಂದೆ ಹೋದ್ಲು. ಆಟ ಮುಂದುವರೀತು. ನಿಯಮದ ಪ್ರಕಾರ ಯಾರೂ ಮೋಸ ಮಾಡಲಿಲ್ಲ. ಅವಳು ಫೌಲ್ ಅನ್ನಲಿಲ್ಲ, ಹಾಗಾಗಿ ಫೌಲ್ ಆಗಲೇ ಇಲ್ಲ!

ಆಮೇಲೆ ಕೇಳಿದೆ, "ಯಾಕಮ್ಮ ಸುಮ್ನಿದ್ದೆ?"

"ಅಕ್ಕಾ, ಲೈನಲ್ಲಿ ಸೂಪರ್‌ವೈಸರ್‌ಗೆ ಎದುರು ಮಾತಾಡಿದ್ರೆ ಏನಾಗುತ್ತೆ ಗೊತ್ತಲ್ಲ. ಅದೇ ಅಭ್ಯಾಸ. ಬಾಯೇ ಬರಲ್ಲ."

ಗೆಳೆಯರೇ, ಆ ಹುಡುಗ ಕೆಟ್ಟವನಲ್ಲ. ಅವಳು "ತಗುಲಿತು" ಅಂದಿದ್ರೆ ಬಹುಶಃ ಒಪ್ತಿದ್ದ. ಪ್ರಶ್ನೆ ಅದಲ್ಲ. ರೆಫರಿ ಇಲ್ಲದ ಆಟ, ಎಲ್ಲರಿಗೂ ಒಂದೇ ಥರ ಬಾಯಿ ಇದೆ ಅಂತ ನಂಬಿಕೊಂಡು ನಿಂತಿದೆ. ಒಬ್ಬರಿಗೆ ಹುಟ್ಟಿನಿಂದ ಪ್ರಶ್ನೆ ಕೇಳೋ ರೂಢಿ, ಇನ್ನೊಬ್ಬರಿಗೆ ಏಟು ತಿಂದು ಸುಮ್ಮನಾಗೋ ರೂಢಿ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ "ನೀವೇ ಮಾತಾಡಿ ಬಗೆಹರಿಸಿಕೊಳ್ಳಿ" ಅಂದ್ರೆ ಯಾರ ಮಾತು ನಡೆಯುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನ ರಾಜಿ ಪಂಚಾಯ್ತಿಗಳಲ್ಲಿ ನೋಡಿಲ್ವಾ?

ಕೂಡಿ ಆಡಿದ ಮಾತ್ರಕ್ಕೆ ಸಮಾನತೆ ಬಂದುಬಿಡಲ್ಲ. ಪಲ್ವಂಕರ್ ಬಾಲು ನೆನಪಿಸಿಕೊಳ್ಳಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ದಲಿತ ಬೌಲರ್. ಪುಣೆಯಲ್ಲಿ ಅವರ ಬೌಲಿಂಗ್ ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಹಿಂದೂಸ್ ತಂಡದ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ. 1923ರಲ್ಲಿ ಅದು ಸಿಕ್ಕಿದ್ದು ತಮ್ಮ ವಿಠ್ಠಲ್‌ಗೆ. ಮೈದಾನದೊಳಗೆ ಬಿಟ್ಟುಕೊಳ್ಳೋದು ಬೇರೆ, ಮಾತಿಗೆ ಬೆಲೆ ಕೊಡೋದು ಬೇರೆ.

ಇನ್ನೊಂದು ಗಮನಿಸಿದೆ. ಮೂವರು ಹುಡುಗಿಯರು ಮೈದಾನದಲ್ಲಿ ಇದ್ರೂ ಡಿಸ್ಕ್ ಹುಡುಗರ ನಡುವೆಯೇ ಹಾರಾಡ್ತಿತ್ತು. ಕೈ ಎತ್ತಿ ಎತ್ತಿ ಓಡಿದ್ದೇ ಬಂತು. ಮೀಸಲು ಕ್ಷೇತ್ರದಲ್ಲಿ ಗೆದ್ದ ಅಧ್ಯಕ್ಷೆ ಕುರ್ಚಿಯಲ್ಲಿ, ಫೈಲು ಮಾತ್ರ ಬೇರೆಯವರ ಕೈಯಲ್ಲಿ. ಅದೇ ಕಥೆ.

"ಹಾಗಾದ್ರೆ ಹುಡುಗಿ ಹಾಕಿದ ಪಾಯಿಂಟಿಗೆ ಎರಡು ಅಂತ ಲೆಕ್ಕ ಹಾಕೋಣ" ಅಂದ್ರು ನಮ್ಮಲ್ಲೇ ಒಬ್ಬರು. ನಾನು ಒಪ್ಪಲಿಲ್ಲ. ಮೈದಾನದಲ್ಲಿ ಇಷ್ಟು ಹುಡುಗಿಯರು ಇರಲೇಬೇಕು ಅನ್ನೋದು ಪ್ರಾತಿನಿಧ್ಯ, ಅದು ಹಕ್ಕು. ಅವಳ ಪಾಯಿಂಟಿಗೆ ಎರಡು ಅನ್ನೋದು ಕನಿಕರ. ಮೀಸಲಾತಿಯನ್ನ ಭಿಕ್ಷೆ ಅನ್ನೋರ ಜೊತೆ ಇಷ್ಟು ವರ್ಷ ಜಗಳ ಆಡಿ, ಈಗ ನಾವೇ ಎರಡನ್ನೂ ಕಲಸಬಾರದು.

ಮೂರನೇ ಭಾನುವಾರದಿಂದ ನಾವು ಮಾಡಿದ್ದು ಇಷ್ಟು.

ನಿಯಮಗಳನ್ನ ಒಂದೇ ಹಾಳೆಯಲ್ಲಿ, ನಾವು ಮಾತಾಡೋ ಕನ್ನಡದಲ್ಲಿ ಬರೆದು ಎಲ್ಲರಿಗೂ ಓದಿ ಹೇಳಿದ್ವಿ. ಪಂದ್ಯಕ್ಕೆ ಮೊದಲು ಹತ್ತು ನಿಮಿಷ, ಓಡೋ ಅಭ್ಯಾಸದ ಥರಾನೇ ಕೂಗೋ ಅಭ್ಯಾಸ. "ಫೌಲ್! ನನಗೆ ತಗುಲಿತು." "ನಾನು ಒಪ್ಪಲ್ಲ." ಮೊದಮೊದಲು ಎಲ್ಲರೂ ನಕ್ಕರು. ಜಗಳ ಬಂದಾಗ ಇಬ್ಬರೇ ಮಾತಾಡಬೇಕು, ಬಿದ್ದವರಿಗೆ ಮೊದಲ ಮಾತು, ಉಳಿದವರು ಬಾಯಿ ಮುಚ್ಚಬೇಕು. ಹಿಂದೆ ನಿಂತು ಆಟ ಕಟ್ಟೋರಿಗೆ ಹ್ಯಾಂಡ್ಲರ್ ಅಂತಾರೆ. ಪ್ರತಿ ಪಾಯಿಂಟಿಗೂ ಅವರಲ್ಲಿ ಒಬ್ಬರು ಹುಡುಗಿ ಆಗಿರಲೇಬೇಕು, ಆಗ ಡಿಸ್ಕ್ ಅವಳ ಕೈ ಹಾಯದೆ ಮುಂದೆ ಹೋಗೋದು ಕಷ್ಟ. ತಂಡಕ್ಕೆ ಇಬ್ಬರು ಕ್ಯಾಪ್ಟನ್, ಒಬ್ಬಳು ಒಬ್ಬ.

ಮೈದಾನದ ಹೊರಗಿನ ಕೆಲಸ ಇನ್ನೂ ಮುಖ್ಯ. ಶಾಲೆಯ ಶೌಚಾಲಯದ ಬೀಗದ ಕೈ ಇಸ್ಕೊಳ್ಳದಿದ್ರೆ ಹುಡುಗಿಯರು ನೀರೇ ಕುಡಿಯದೆ ಬರ್ತಾರೆ. ಮೊದಲ ವಾರ ಇದು ನನಗೇ ಹೊಳೆದಿರಲಿಲ್ಲ, ನಾಚಿಕೆಯಾಯ್ತು. ಮನೆಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡಬೇಕು. ಶೂ ಕಡ್ಡಾಯ ಅನ್ನಬಾರದು. ಶುಲ್ಕಕ್ಕೆ ಮುಚ್ಚಿದ ಡಬ್ಬಿ ಇಡಿ, ಯಾರು ಎಷ್ಟು ಹಾಕಿದ್ರು ಅಂತ ಯಾರಿಗೂ ಗೊತ್ತಾಗಬಾರದು.

ಎಲ್ಲ ಸರಿಹೋಯ್ತಾ? ಇಲ್ಲ. ಇಬ್ಬರು ಹುಡುಗಿಯರು ನಡುವೆಯೇ ಬಿಟ್ಟರು, ಒಬ್ಬಳನ್ನ ಮನೆಯವರು ಕಳಿಸಲಿಲ್ಲ. ತಂಡಗಳನ್ನೂ ತಪ್ಪಾಗಿ ಮಾಡಿದ್ವಿ. ಸ್ನೇಹಿತರು ಸ್ನೇಹಿತರ ಜೊತೆ ಸೇರಿಕೊಂಡ್ರು, ಕಾಲೊನಿದೇ ಒಂದು ತಂಡ, ಅಪಾರ್ಟ್‌ಮೆಂಟಿಂದೇ ಒಂದು ತಂಡ ಆಗಿಹೋಯ್ತು. ಈ ಸಲ ಚೀಟಿ ಎತ್ತಿ ತಂಡ ಕಟ್ತೀವಿ.

ಆದ್ರೆ ಐದನೇ ಭಾನುವಾರ ಅದೇ ಹುಡುಗಿಗೆ ಮತ್ತೆ ಒಬ್ಬ ಡಿಕ್ಕಿ ಹೊಡೆದ. ಅವಳು ಕೂತಲ್ಲಿಂದಲೇ ಕೈ ಎತ್ತಿ "ಫೌಲ್" ಅಂದ್ಲು. ದನಿ ನಡುಗ್ತಿತ್ತು. ಅವನು ಒಪ್ಪಲಿಲ್ಲ. "ನೀನು ಒಪ್ಪದಿದ್ರೂ ಪರವಾಗಿಲ್ಲ, ಡಿಸ್ಕ್ ಹಿಂದಕ್ಕೆ ಕೊಡು" ಅಂದ್ಲು. ಕೊಟ್ಟ. ಆ ಪಂದ್ಯ ಅವಳ ತಂಡ ಸೋತಿತು. ಸ್ಕೋರ್ ನನಗೆ ನೆನಪಿಲ್ಲ.

ತಮ್ಮಾ, ಸ್ಮಶಾನದ ಅರ್ಜಿ ಹಿಡ್ಕೊಂಡು ನಾಳೆ ತಾಲೂಕು ಕಚೇರಿಗೆ ಹೋಗೋಕೂ ಇಂಥ ಬಾಯಿಗಳೇ ಬೇಕು. ಅದು ಭಾಷಣ ಕೇಳಿ ಬರಲ್ಲ, ಅಭ್ಯಾಸದಿಂದ ಬರುತ್ತೆ. ಈ ಬೇಸಿಗೆಯಲ್ಲೂ ಜಯಂತಿ ಮುಗಿದ ಮೇಲಿನ ಭಾನುವಾರ ಶುರು ಮಾಡ್ತೀವಿ. ನಿನ್ನ ತಂಗೀನ ಕರ್ಕೊಂಡು ಬಾ. ನೀನೂ ಬಾ, ಬಿದ್ದವರು ಮಾತಾಡುವಾಗ ಸುಮ್ಮನೆ ನಿಲ್ಲೋದು ನಮಗೂ ಕಲಿಯೋಕಿದೆ.

ಜೈ ಭೀಮ್.