ಸದ್ದು ಜೋರು, ಪದ ಎಲ್ಲಿ?

ನಮ್ಮ ಮನೆಮಾತು ಉರ್ದು. ನನಗೆ ಕನ್ನಡ ಹಿಡಿಸಿದ್ದು ಹೊನ್ನಾವರ–ಭಟ್ಕಳ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದ ಸಿನಿಮಾ ಹಾಡುಗಳು. (ಅಬ್ಬಾ ಇದನ್ನು ಓದದಿದ್ದರೆ ಸಾಕು!) ನಾನು ಹುಟ್ಟುವ ಮೊದಲೇ, 2006ರಲ್ಲಿ ಬಂದ 'ಮುಂಗಾರು ಮಳೆ'ಗೆ ಹಾಡು ಬರೆದ ಜಯಂತ ಕಾಯ್ಕಿಣಿ ಪಕ್ಕದ ಕುಮಟಾ ತಾಲ್ಲೂಕಿನ ಗೋಕರ್ಣದವರು ಎಂದು ತಿಳಿದಾಗ ನಮ್ಮವರೇ ಅನಿಸಿತ್ತು.

2024ರಲ್ಲಿ ನಾನು ಹೆಚ್ಚು ಕಾದದ್ದು 'ಮಾರ್ಟಿನ್' ಮತ್ತು 'ಯುಐ' ಹಾಡುಗಳಿಗೆ. ಎರಡೂ ನಿರಾಸೆ. ಸದ್ದು ಬೇಕಾದಷ್ಟಿತ್ತು, ಬಾಯಲ್ಲಿ ಉಳಿಯುವ ಒಂದು ಪದವೂ ನನಗೆ ಸಿಗಲಿಲ್ಲ. ಅದೇ ವರ್ಷದ 'ಕೃಷ್ಣಂ ಪ್ರಣಯ ಸಖಿ' ಕೇಳಿ, 'ದ್ವಾಪರ' ಎಂದರೇನು ಎಂದು ಕನ್ನಡ ಸರ್ ಅವರನ್ನೇ ಕೇಳಿದ್ದೆ.

2025ರಲ್ಲಿ ಬಂದ 'ಕಾಂತಾರ: ಚಾಪ್ಟರ್ 1' ಹಾಡುಗಳಿಗೂ ಕಾದಿದ್ದೆ. 'ಯುಐ'ಗೆ ಸಂಗೀತ ಕೊಟ್ಟ ಅಜನೀಶ್ ಲೋಕನಾಥ್ ಅವರೇ ಇದಕ್ಕೂ, ಸ್ವಲ್ಪ ಭಯವಿತ್ತು. ಕರಾವಳಿಯ ಮಾತು ತುಂಬಿ ಬರಲಿ ಎಂದುಕೊಂಡಿದ್ದೆ. ಅರ್ಥವಾಗದಿದ್ದರೆ ಸರ್ ಇದ್ದರು.