ಓಟಿನ ಧಾರಣೆ

ಮಾಣಿಯ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತರೆ ಬೆಳೆಗಾರರ ಬಾಯಲ್ಲಿ ಕೇಳಿಬರುವುದು ಎರಡೇ ವಿಷಯ, ಮಳೆ ಮತ್ತು ಚಾಲಿಯ ಧಾರಣೆ. ಚುನಾವಣೆ ಬಂದಾಗ ಮೂರನೆಯದೊಂದು ಸೇರಿಕೊಳ್ಳುತ್ತದೆ, ಓಟಿನ ಧಾರಣೆ. ಆ ಕಡೆ ಇಷ್ಟಂತೆ, ಈ ಕಡೆ ಅಷ್ಟಂತೆ. ಹೇಳುವವರಿಗೂ ಸಂಕೋಚವಿಲ್ಲ, ಕೇಳುವ ನಮಗೂ ಇಲ್ಲ. ಕೊನೆಗೆ 'ಓಟು ಮಾರಿಕೊಳ್ಳುವ ಬಡವರಿಂದಲೇ ದೇಶ ಕೆಟ್ಟಿತು' ಎಂದು ಶಾಪ ಹಾಕಿ ಬಸ್ಸು ಹತ್ತುತ್ತೇವೆ. ಈ ಶಾಪ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

ಓಟಿನ ವ್ಯಾಪಾರ ನಮ್ಮವರು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಸಫೊಕ್ ಸೀಮೆಯಲ್ಲಿ ಸಡ್ಬರಿ ಎಂಬ ಸಣ್ಣ ಪಟ್ಟಣವಿದೆ. ಅದು ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. 1841ರಲ್ಲಿ ಅಲ್ಲಿ ಗೆದ್ದವರಲ್ಲಿ ಒಬ್ಬರು ನಮ್ಮ ದೇಶದಲ್ಲೇ ಹುಟ್ಟಿದವರು ಎಂದರೆ ಸದಸ್ಯರಿಗೆ ಆಶ್ಚರ್ಯವಾಗಬಹುದು. ಅವರ ಹೆಸರು ಡೇವಿಡ್ ಆಕ್ಟರ್ಲೋನಿ ಡೈಸ್ ಸೋಂಬರ್. ಮೀರತ್ ಬಳಿಯ ಸರ್ಧಾನದ ಬೇಗಂ ಸಮ್ರೂ ಸಾಕಿ ಬೆಳೆಸಿ, ತಮ್ಮ ಅಪಾರ ಆಸ್ತಿಗೆ ವಾರಸುದಾರನನ್ನಾಗಿ ಮಾಡಿದ ವ್ಯಕ್ತಿ. ದಾದಾಭಾಯಿ ನವರೋಜಿಯವರು 1892ರಲ್ಲಿ ಗೆಲ್ಲುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತಿದು.

ಆಗ ಅಲ್ಲಿ ಗುಪ್ತ ಮತದಾನವಿರಲಿಲ್ಲ. ಮತದಾರ ಎಲ್ಲರೆದುರು ನಿಂತು ತನ್ನ ಅಭ್ಯರ್ಥಿಯ ಹೆಸರು ಹೇಳಬೇಕು, ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅಡಿಕೆಯನ್ನು ಕತ್ತರಿಸಿ ನೋಡಿ ಕೊಂಡ ಹಾಗೆ, ಕೊಂಡ ಓಟು ಬಂತೋ ಇಲ್ಲವೋ ಎಂದು ಅಲ್ಲೇ ನೋಡಿಕೊಳ್ಳಬಹುದಿತ್ತು. ದೂರು ಹೋಯಿತು, ವಿಚಾರಣೆ ನಡೆಯಿತು. ವ್ಯಾಪಕ ಲಂಚವೆಂದು ವರ್ಷ ತುಂಬುವುದರೊಳಗೆ, 1842ರಲ್ಲೇ, ಚುನಾವಣೆ ಅಸಿಂಧುವಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. 1844ರಲ್ಲಿ ಕಾಯಿದೆ ಮಾಡಿ ಸಡ್ಬರಿಯ ಪ್ರಾತಿನಿಧ್ಯವನ್ನೇ ಕಿತ್ತುಹಾಕಿದರು. ಕಾಸು ಮುಟ್ಟದವನೂ ಮುಟ್ಟಿದವನ ಜೊತೆಗೇ ಹೋದ. ಕೊಂಡವರಿಗೆ ನಷ್ಟವಾದದ್ದು ಒಂದು ಕುರ್ಚಿ, ಊರಿಗೆ ನಷ್ಟವಾದದ್ದು ಧ್ವನಿ.

ಊರನ್ನು ಶಿಕ್ಷಿಸಿ ರೋಗ ವಾಸಿಯಾಗಲಿಲ್ಲ. 1872ರಲ್ಲಿ ಗುಪ್ತ ಮತದಾನ ತಂದರು. ಅದೂ ಸಾಲದೆ, 1883ರ ಕಾಯಿದೆಯಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿ ಲೆಕ್ಕ ಕೇಳಿದರು. ಕೈ ಹಾಕಬೇಕಾದದ್ದು ಕೊಳ್ಳುವವನ ಚೀಲಕ್ಕೆ ಎಂದು ತಿಳಿಯಲು ಅವರಿಗೆ ಅಷ್ಟು ಕಾಲ ಹಿಡಿಯಿತು.

ನಮ್ಮ 1951ರ ಪ್ರಜಾಪ್ರತಿನಿಧಿ ಕಾಯಿದೆ ಇದೇ ದಾರಿಯದು. ಅದರ 123ನೇ ಕಲಮನ್ನು ಒಮ್ಮೆ ಓದಿಸಿಕೊಳ್ಳಿ. ಹಣ ಹಂಚುವುದು ಮಾತ್ರವಲ್ಲ, ಮತದಾರರನ್ನು ಬೂತಿಗೆ ಪುಕ್ಕಟೆ ಸಾಗಿಸಲು ಅಭ್ಯರ್ಥಿ ವಾಹನ ಗೊತ್ತುಮಾಡುವುದೂ ಭ್ರಷ್ಟಾಚರಣೆ. (ನಮ್ಮ ಗುಡ್ಡೆಯ ದಾರಿಗಳಲ್ಲಿ ಮತದಾನದ ದಿನ ಓಡುವ ಜೀಪುಗಳನ್ನು ನೆನೆದರೆ ನಗು ಬರುತ್ತದೆ.) ದೈವಕೋಪಕ್ಕೆ ಗುರಿಯಾಗುವೆ ಎಂದು ಮತದಾರನನ್ನು ನಂಬಿಸುವುದೂ ತಪ್ಪು. ವೀಳ್ಯದೆಲೆ-ಅಡಿಕೆ ಮುಟ್ಟಿಸಿ ಆಣೆ ಹಾಕಿಸುವವರಿದ್ದಾರೆ. ಪೆಟ್ಟಿಗೆಯ ಗುಟ್ಟನ್ನು ಒಡೆಯಲು ಸಿಕ್ಕಿದ ಉಪಾಯವಿದು, ಅದಕ್ಕೆ ನಾವು ಬೆಳೆದ ಅಡಿಕೆಯೇ ಬೇಕು! ಕಾಸು ಪಡೆದವನೂ ಕಾನೂನಿನಲ್ಲಿ ತಪ್ಪಿತಸ್ಥನೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ಮಾರುವವನು ಒಂದು ಓಟು ಮಾರುತ್ತಾನೆ, ಕೊಳ್ಳುವವನು ಸಾವಿರ ಕೊಳ್ಳುತ್ತಾನೆ.

ಕಾನೂನಿಗೆ ಕೊರತೆಯಿಲ್ಲ, ಕೊರತೆ ಇರುವುದು ವೇಗಕ್ಕೆ. ತುಮಕೂರು ಗ್ರಾಮಾಂತರ ಕ್ಷೇತ್ರದ 2018ರ ಚುನಾವಣೆಯನ್ನು ನೋಡಿ. ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದರೆಂದು ನಮ್ಮ ಹೈಕೋರ್ಟು ಆ ಆಯ್ಕೆಯನ್ನು ಅಸಿಂಧುಗೊಳಿಸಿದ್ದು 2023ರ ಮಾರ್ಚ್ 30ರಂದು. ಮುಂದಿನ ಚುನಾವಣೆ ಘೋಷಣೆಯಾದ ಮರುದಿನ! ಮೇಲ್ಮನವಿಗೆಂದು ತೀರ್ಪಿಗೆ ತಡೆಯೂ ಸಿಕ್ಕಿತು. ಸಾಧ್ಯವಾದಷ್ಟು ಆರು ತಿಂಗಳೊಳಗೆ ಇಂಥ ಅರ್ಜಿ ಮುಗಿಯಬೇಕೆಂದು ಕಾಯಿದೆಯೇ ಹೇಳುತ್ತದೆ. ಕುದುರೆಗಾಡಿಯ ಕಾಲದ ಸಡ್ಬರಿಯಲ್ಲಿ ವರ್ಷದೊಳಗೆ ಮುಗಿದ ಕೆಲಸಕ್ಕೆ ನಮಗೆ ಐದು ವರ್ಷ ಬೇಕಾಯಿತು. ಇನ್ನೊಂದೆಡೆ, 2019ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಕಂತೆ ಕಂತೆ ಹಣ ಸಿಕ್ಕಿದಾಗ ಲೋಕಸಭಾ ಮತದಾನವನ್ನೇ ರದ್ದು ಮಾಡಿದರು. ಅದು ಆಗಸ್ಟಿನಲ್ಲಿ ಮತ್ತೆ ನಡೆಯಿತು. ಅಗತ್ಯವಿದ್ದಿರಬಹುದು, ಆದರೂ ಕಾಯಬೇಕಾದದ್ದು ಮತ್ತೆ ಊರೇ.

ಇನ್ನು ನಮ್ಮ ಅಂಗಳದ ಮಾತು. ಸಹಕಾರಿ ಸಂಘಗಳ ಚುನಾವಣೆ ಮೇಲೆ ಹೇಳಿದ 1951ರ ಕಾಯಿದೆಯ ಕೆಳಗೆ ಬರುವುದಿಲ್ಲ. ತಕರಾರಿದ್ದರೆ ರಾಜ್ಯದ ಸಹಕಾರ ಕಾಯಿದೆಯ 70ನೇ ಕಲಮಿನಂತೆ ವಿವಾದ ಹೂಡಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಂಘದ ಆಡಳಿತ ಮಂಡಳಿಯ ಚುನಾವಣೆಗೆ ಎರಡು ದಿನ ಮೊದಲು ತೋಟದ ಮನೆಯೊಂದರಲ್ಲಿ ಭರ್ಜರಿ ಊಟವಿತ್ತು. ನಾವೂ ಹೋಗಿ ಉಂಡು ಬಂದೆವು. ಯಾರೂ ಓಟು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅರ್ಧ ಎಕ್ರೆಯವನಿಗೂ ಐವತ್ತು ಎಕ್ರೆಯವನಿಗೂ ಒಂದೇ ಓಟು ಎಂಬುದು ಸಹಕಾರದ ಬುಡ. ಆ ಊಟ ಹಾಕುವ ಶಕ್ತಿ ಅರ್ಧ ಎಕ್ರೆಯವನಿಗಿಲ್ಲ. ಅವನು ಮಂಡಳಿಗೆ ನಿಲ್ಲುವುದನ್ನೇ ಬಿಟ್ಟ ಮೇಲೆ, ಸಾಲದ ಮಿತಿ, ಮೈಲುತುತ್ತಿನ ಹಂಚಿಕೆ, ಖರೀದಿಯ ದರ್ಜೆ ಇವನ್ನೆಲ್ಲ ಯಾರು ಯಾರಿಗಾಗಿ ನಿರ್ಧರಿಸುತ್ತಾರೆ?

ಆದ್ದರಿಂದ ನಮ್ಮದೊಂದು ಸಲಹೆ. ಸಂಘದ ಚುನಾವಣೆಗೆ ನಿಂತ ಪ್ರತಿಯೊಬ್ಬರೂ, ಗೆದ್ದರೂ ಸೋತರೂ, ತಾವು ಮಾಡಿದ ಖರ್ಚಿನ ಲೆಕ್ಕವನ್ನು ಹದಿನೈದು ದಿನದೊಳಗೆ ಬರೆದುಕೊಡಬೇಕು. ಸಂಘ ಅದನ್ನು ಧಾರಣೆ ಬರೆಯುವ ಹಲಗೆಯ ಪಕ್ಕದಲ್ಲೇ ಅಂಟಿಸಬೇಕು. ಕಾನೂನಿನ ಬಲವಿಲ್ಲದಿದ್ದರೂ ಮಹಾಸಭೆಯ ಠರಾವಿನಿಂದ ಆರಂಭಿಸಬಹುದು. ಸುಳ್ಳು ಲೆಕ್ಕ ಕೊಡುವುದಿಲ್ಲವೇ ಎಂದರೆ, ಕೊಡಬಹುದು. ಆದರೆ ಊಟಕ್ಕೆ ಹೋದ ಇನ್ನೂರು ಜನ ಆ ಹಲಗೆಯ ಮುಂದೆ ನಿಂತು ಓದುತ್ತಾರೆ, ನಾವೂ ಸೇರಿ.